ಏಳನೆಯ ಪ್ರಶ್ನೆಯ ಎರಡನೆಯ ಉತ್ತರ

ಆ ವರ್ಷದ ಮಾವಿನ ಸೀಸನ್ನಿನಲ್ಲಿ ಸಂಪದಾಳ ತಲೆ ಕೆಡಿಸಿದ್ದು ಒಂದೇ ಒಂದು ಪ್ರಶ್ನೆ. ಅದನ್ನು ಬರೆದವಳೂ ಅವಳೇ ಆಗಿದ್ದರಿಂದ ಬೇರೆ ಯಾರ ಮೇಲೂ ಹರಿಹಾಯುವಂತಿರಲಿಲ್ಲ.

ಮೊದಲು ಅವಳು ಶಿಗ್ಗಾಂವದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಆ ಕೆಲಸ ವರ್ಷವರ್ಷವೂ ಇದೆಯೋ ಇಲ್ಲವೋ ಎಂಬಂತಿದ್ದುದರಿಂದ, ಹುಬ್ಬಳ್ಳಿಯ ಪ್ರಾಣೇಶ ಎಂಬವನ ಸಣ್ಣ ಕಂಪನಿ ಸೇರಿಕೊಂಡಳು. ಕಾರ್ಖಾನೆ, ಆಸ್ಪತ್ರೆ, ದೊಡ್ಡ ಅಂಗಡಿಗಳಲ್ಲಿ ದುಡಿಯುವವರು ಮೊಬೈಲಿನಲ್ಲೇ ನೋಡಿ ಕಲಿಯುವಂಥ ಕೋರ್ಸುಗಳನ್ನು ತಯಾರಿಸುವ ಕಂಪನಿ ಅದು. ಸವಣೂರಿನ ಮನೆಯ ಪಡಸಾಲೆಯಲ್ಲಿ ಕಿಟಕಿಗೆ ತಾಗಿಸಿ ಮೇಜು ಹಾಕಿಕೊಂಡು ಸಂಪದಾ ಪಾಠ ಬರೆಯುವಳು, ಚಿತ್ರ ಹೊಂದಿಸುವಳು, ಪ್ರಶ್ನೆ ಜೋಡಿಸುವಳು. ಕೋರ್ಸು ನೋಡುವವರು ಅರ್ಧಕ್ಕೆ ಎದ್ದು ಹೋಗಬಾರದು, ಕೈಯೂ ಆಡಬೇಕು, ತಲೆಯೂ ಓಡಬೇಕು. ಅದೇ ಅವಳ ಕಸುಬು.

ಅದು ಎಷ್ಟು ಕಷ್ಟದ ಕಸುಬು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಹಿರೇಕೆರೂರಿನ ಬ್ಯಾಂಕಿನಲ್ಲಿದ್ದ ಗಂಡ ರಘುವೀರ ಶನಿವಾರ ಊರಿಗೆ ಬಂದಾಗ, ತನ್ನ ಬ್ಯಾಂಕಿನವರು ಕಡ್ಡಾಯ ಮಾಡಿದ್ದ ತರಬೇತಿಯ ವಿಡಿಯೋ ಹಚ್ಚಿ, ದನಿ ಬಂದ್ ಮಾಡಿ, ಚಹಾ ಕುಡಿಯುತ್ತ ಪೇಪರು ಓದುತ್ತಿದ್ದ. "ಇದನ್ನೂ ಯಾರೋ ಒಬ್ಬಾಕಿ ಸಂಪದಾನ ಮಾಡಿರ್ತಾಳ್ರಿ" ಎಂದು ಅವಳು ಹಲ್ಲು ಕಡಿದರೆ, "ಹಂಗಾರ ಆಕಿಗೆ ನನ್ನ ನಮಸ್ಕಾರ ಹೇಳು" ಎನ್ನುತ್ತಿದ್ದ.

ಈ ಸಲದ ಕೆಲಸ ಹಾನಗಲ್ಲಿನಿಂದ ತಿಳವಳ್ಳಿಗೆ ಹೋಗುವ ದಾರಿಯಲ್ಲಿದ್ದ 'ಸುರಸ' ಎಂಬ ಕಾರ್ಖಾನೆಯದು. ಆ ಸೀಮೆಯ ಆಪೂಸು ಹಣ್ಣಿನ ತಿರುಳು ತೆಗೆದು, ಡಬ್ಬಿಗಳಲ್ಲಿ ತುಂಬಿ ಹೊರದೇಶಕ್ಕೆ ಕಳಿಸುವ ಕಾರ್ಖಾನೆ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳೇ ಅಲ್ಲಿ ಹೆಚ್ಚಿನ ಕೆಲಸಗಾರರು. ದಿನದ ಕೆಲಸ ಮುಗಿದ ಮೇಲೆ ತಿರುಳು ಅಂಟಿದ ದೊಡ್ಡ ದೊಡ್ಡ ಪಾತ್ರೆಗಳನ್ನು ಕಾಸ್ಟಿಕ್ ಸೋಡಾ ಕಲಸಿದ ನೀರಿನಿಂದ ತೊಳೆಯಬೇಕಿತ್ತು. ಮೈಮೇಲೆ ಬಿದ್ದರೆ ಚರ್ಮ ಸುಡುವ, ಕಣ್ಣಿಗೆ ಸಿಡಿದರೆ ಕಣ್ಣನ್ನೇ ಕಳೆಯುವ ನೀರು ಅದು. ಸರಕು ಕೊಳ್ಳುವ ಹೊರದೇಶದ ಕಂಪನಿಯವರು ಮೇ ತಿಂಗಳಲ್ಲಿ ತಪಾಸಣೆಗೆ ಬರುವವರಿದ್ದರು. ಅಷ್ಟರೊಳಗೆ ಎಲ್ಲ ಕೆಲಸಗಾರರೂ ಸುರಕ್ಷತೆಯ ಕೋರ್ಸು ಪಾಸಾಗಿರಬೇಕು ಎಂಬುದು ಅವರ ಕರಾರು. ಯಾರು ಪಾಸು, ಯಾರು ನಾಪಾಸು ಎಂಬುದು ಅವರಿಗೆ ಅಲ್ಲಿಂದಲೇ ಕಾಣುವ ಹಾಗೆ ವ್ಯವಸ್ಥೆಯೂ ಇತ್ತು.

ಸಂಪದಾ ಮುತುವರ್ಜಿಯಿಂದ ಕೋರ್ಸು ಮಾಡಿದಳು. ಕಾರ್ಖಾನೆಯವರು ಕಳಿಸಿದ ಫೋಟೋಗಳನ್ನೇ ಇಟ್ಟುಕೊಂಡು ಪಾತ್ರೆ, ಕೈಗವಸು, ಕನ್ನಡಕ, ಹಸಿರು ಬೋರ್ಡಿನ ಕೆಳಗಿನ ಕಣ್ಣು ತೊಳೆಯುವ ನಳದ ಕೋಣೆ ಎಲ್ಲವನ್ನೂ ತೋರಿಸಿದಳು. ಕೆಲಸಗಾರರು ನೋಡಿದರು, ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಆರು ಪ್ರಶ್ನೆ ಸರಾಗವಾಗಿ ದಾಟಿದವರು ಏಳನೆಯದರ ಹತ್ತಿರ ಬಂದು ಗುಂಪುಗುಂಪಾಗಿ ಬೀಳುತ್ತಿದ್ದರು.

ಏಳನೆಯ ಪ್ರಶ್ನೆ ಹೀಗಿತ್ತು: ಕಾಸ್ಟಿಕ್ ನೀರು ಕಣ್ಣಿಗೆ ಸಿಡಿದರೆ ಮೊದಲು ಏನು ಮಾಡುತ್ತೀರಿ? ಉತ್ತರ ಮೂರು. ಕಣ್ಣು ಉಜ್ಜಿಕೊಳ್ಳುತ್ತೇನೆ. ಸೂಪರ್‌ವೈಸರನ್ನು ಹುಡುಕುತ್ತೇನೆ. ಕಣ್ಣು ತೊಳೆಯುವ ನಳಕ್ಕೆ ಓಡುತ್ತೇನೆ.

ಹೆಚ್ಚುಕಡಿಮೆ ಎಲ್ಲರೂ ಒತ್ತಿದ್ದು ಎರಡನೆಯದನ್ನು.

ಪುಸ್ತಕದ ಕನ್ನಡ ಜಾಸ್ತಿಯಾಯಿತೇನೋ ಎಂದು ಸಂಪದಾ ಆಡುಮಾತಿನಲ್ಲಿ ಬರೆದಳು. ಫಲ ಅದೇ. ಓದು ಬಾರದವರೂ ಇರಬಹುದೆಂದು ದನಿ ಸೇರಿಸಿದಳು. ಫಲ ಅದೇ. ಕೊನೆಗೆ ಒಂದು ಆಟವನ್ನೇ ಮಾಡಿದಳು. ಸೆರಗು ಸಿಕ್ಕಿಸಿಕೊಂಡ ಗೊಂಬೆ ಹುಡುಗಿಯೊಬ್ಬಳು ಕಣ್ಣು ಮುಚ್ಚಿಕೊಂಡು ನಿಂತಿರುತ್ತಾಳೆ. ಅವಳನ್ನು ಬೆರಳಿನಿಂದ ಎಳೆದು ನಳದ ಹತ್ತಿರ ಮುಟ್ಟಿಸಿದರೆ ಮೇಲಿಂದ ಬಂಗಾರದ ಮಾವಿನಹಣ್ಣು ದಬದಬ ಉದುರುತ್ತವೆ. ಕೆಲಸಗಾರರಿಗೆ ಆಟ ಭಾರಿ ಹಿಡಿಸಿತು. ಊಟದ ಹೊತ್ತಿನಲ್ಲಿ ಕುಳಿತು ಆಡಿದರು, ಮನೆಯಲ್ಲಿ ಮಕ್ಕಳಿಗೂ ಆಡಿಸಿದರು, ಹಣ್ಣು ಉದುರಿಸಿದ್ದೇ ಉದುರಿಸಿದ್ದು. ಆಮೇಲೆ ಏಳನೆಯ ಪ್ರಶ್ನೆಗೆ ಬಂದು ತಣ್ಣಗೆ 'ಸೂಪರ್‌ವೈಸರನ್ನು ಹುಡುಕುತ್ತೇನೆ' ಎಂದು ಒತ್ತಿದರು.

"ಎಂಗೇಜ್‌ಮೆಂಟ್ ಸಾಲವಲ್ದು ನೋಡ್ರಿ ಸಂಪದಾ ಅವರ" ಎಂದ ಪ್ರಾಣೇಶ, ವಿಡಿಯೋ ಕರೆಯಲ್ಲಿ. ಯಾವ ತೊಂದರೆಗೂ ಅವನದು ಅದೇ ಮದ್ದು, ನೋಡುವವರನ್ನು ಇನ್ನಷ್ಟು ಹಿಡಿದಿಡಬೇಕು ಎಂಬುದು. "ಇನ್ನೂ ಸ್ವಲ್ಪ ಇಂಟರ್‌ಆ್ಯಕ್ಟಿವ್ ಮಾಡ್ರಿ. ಮ್ಯೂಸಿಕ್ ಹಾಕ್ರಿ."

"ಮ್ಯೂಸಿಕ್ ಅದರೀ ಅದರಾಗ."

"ಮತ್ತಷ್ಟು ಹಾಕ್ರಿ."

ಸಂಪದಾ ಲ್ಯಾಪ್‌ಟಾಪು ಮುಚ್ಚಿ ಅಡುಗೆಮನೆಗೆ ಹೋದಳು. ಅತ್ತೆ ಗೋಪಿಕಾಬಾಯಿ ಶೇಂಗಾ ಸುಲಿಯುತ್ತ ಕುಳಿತಿದ್ದರು. ಕಾರ್ಖಾನೆಯ ಮುಖ ಕಂಡವರಲ್ಲ, ಮೊಬೈಲಿನಲ್ಲಿ ಪ್ರವಚನ ಕೇಳುವುದು ಬಿಟ್ಟರೆ ಬೇರೆ ಗೊತ್ತಿದ್ದವರಲ್ಲ. ಸಂಪದಾ ಕೋರ್ಸನ್ನು ಅವರ ಕೈಗೆ ಕೊಟ್ಟಳು.

"ಅತ್ಯಾ, ಇದಕ್ಕ ಉತ್ತರ ಒತ್ತರಿ ನೋಡೂಣು."

ಗೋಪಿಕಾಬಾಯಿ ಕನ್ನಡಕ ಏರಿಸಿ ಓದಿದರು, ಸೊಸೆಯ ಮುಖ ನೋಡಿದರು. "ಇದೇನ ಮಹಾ ಪ್ರಶ್ನೆ ಅಂತ ಕೇಳ್ತೀಯವಾ? ಕಣ್ಣಾಗ ಏನರೆ ಬಿದ್ರ ತೊಳಕೋಬೇಕು. ಯಾರರ ಸಾಹೇಬರ್ನ ಹುಡುಕ್ಕೋತ ಹೋಗ್ತಾರೇನು?" ಎಂದು ಮೂರನೆಯದನ್ನು ಒತ್ತಿದರು. ಬಂಗಾರದ ಹಣ್ಣು ಉದುರಿದವು.

ಅಲ್ಲಿಗೆ ಸಂಪದಾಳ ಪಿತ್ತ ನೆತ್ತಿಗೇರಿತು. ಎಪ್ಪತ್ತು ದಾಟಿದ ಮುದುಕಿಗೆ ಹೊಳೆದದ್ದು, ದಿನಾ ಆ ನೀರಿನ ಮುಂದೆ ನಿಲ್ಲುವವರಿಗೆ ಹೊಳೆಯುವುದಿಲ್ಲವೆಂದರೆ ಏನರ್ಥ? ಬೇಕಂತಲೇ ಮಾಡುತ್ತಿದ್ದಾರೆ. ನೋಡದೆ ಒತ್ತುತ್ತಿದ್ದಾರೆ. ಒಬ್ಬರನ್ನು ನೋಡಿ ಒಬ್ಬರು ಒತ್ತುತ್ತಿದ್ದಾರೆ. ಮರುದಿನ ಬೆಳಗಿನ ಬಸ್ಸಿಗೆ ಶಿಗ್ಗಾಂವಕ್ಕೆ ಹೋಗಿ, ಅಲ್ಲಿ ಹಾನಗಲ್ಲಿನ ಬಸ್ಸು ಹತ್ತಿದಳು. ಸೀಟು ಸಿಕ್ಕಿರಲಿಲ್ಲ. ನಿಂತೇ ಹೋದಳು, ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವರನ್ನು ಬೈಯುತ್ತ.

ಕಾರ್ಖಾನೆಯ ಮ್ಯಾನೇಜರ್ ಶರಣು ಅವಳನ್ನು ತಂಪು ಕೋಣೆಯಲ್ಲಿ ಕೂಡ್ರಿಸಿ, ಗ್ಲಾಸಿನ ತುಂಬ ಮಾವಿನ ರಸ ತರಿಸಿದ. ದೊಡ್ಡ ಮೈಯ, ನಗುಮುಖದ ಮನುಷ್ಯ.

"ನಮ್ಮ ಮಂದಿ ತಲೀಗೆ ಹೋಗೂದಿಲ್ರಿ ಮೇಡಮ್. ನೀವು ಏನ್ ಮಾಡ್ತೀರಿ, ನಾವು ಏನ್ ಮಾಡೂಣು? ಮೇ ಐದನೇ ತಾರೀಖಿಗೆ ಆಡಿಟ್ ಐತಿ. ಅಷ್ಟ್ರಾಗ ಎಲ್ಲಾರೂ ಪಾಸ್ ಅಂತ ಬರಬೇಕು, ಅಷ್ಟ ನೋಡ್ರಿ."

ಊಟದ ಬಿಡುವಿನಲ್ಲಿ ಸೂಪರ್‌ವೈಸರ್ ಹಯಾತ ಅವಳನ್ನು ಕೆಲಸಗಾರರ ಹತ್ತಿರ ಕರೆದೊಯ್ದ. ಶೆಡ್ಡಿನ ನೆರಳಿನಲ್ಲಿ ಹೆಣ್ಣುಮಕ್ಕಳು ಬುತ್ತಿ ಬಿಚ್ಚಿದ್ದರು. ಹಯಾತ ಹಿಂದೆ ಕೈಕಟ್ಟಿಕೊಂಡು ಪಕ್ಕದಲ್ಲೇ ನಿಂತ. ಸಂಪದಾ ಮೊದಲು ಮೆತ್ತಗೆ ಕೇಳಿದಳು. ಕೋರ್ಸು ತಿಳಿಯಿತೇ? ತಿಳಿಯಿತು. ಆಟ ಚೆನ್ನಾಗಿತ್ತೇ? ಚಲೋ ಇತ್ತು. ಹಾಗಾದರೆ ಏಳನೆಯ ಪ್ರಶ್ನೆಗೆ ಯಾಕೆ ಹಾಗೆ ಒತ್ತಿದಿರಿ?

ಒಬ್ಬಳು ನಕ್ಕು ಸೆರಗು ಬಾಯಿಗೆ ಒತ್ತಿಕೊಂಡಳು. ಪಾತ್ರೆ ತೊಳೆಯುವ ಗುಂಪಿನ ಕೌಸರ ಎಂಬವಳು, ಬಂಕಾಪುರದಿಂದ ಬರುವವಳು, ರೊಟ್ಟಿ ಮುರಿಯುತ್ತ ಹೇಳಿದಳು:

"ನಮಗ ಏನ್ ತಿಳದೈತಿ ಅದನ್ನ ಒತ್ತೇವ್ರಿ ಅಕ್ಕಾರ."

"ತಿಳದದ್ದು ಅಂದ್ರ? ನಳಕ್ಕ ಓಡಬೇಕು ಅಂತ ಆಟದಾಗ ತೋರಿಸೇನಲ್ಲ?"

"ಹೂನ್ರಿ. ಅದು ಆಟ."

ಸಂಪದಾಳಿಗೆ ತಡೆಯಲಾಗಲಿಲ್ಲ. ಕಾಲೇಜಿನ ದನಿ ತಾನಾಗಿ ಬಂತು. "ನಗಲಿಕ್ಕೆ ಇದೇನು ಚ್ಯಾಷ್ಟಿ ಅಲ್ಲ! ಕಾಸ್ಟಿಕ್ ಕಣ್ಣಾಗ ಬಿದ್ದ ಮ್ಯಾಲ ನೀವು ಸೂಪರ್‌ವೈಸರ್ನ ಹುಡುಕ್ಕೋತ ಹೋದ್ರ ಅಷ್ಟ್ರಾಗ ಕಣ್ಣ ಹೋಗಿರ್ತದ. ನಾ ನಿಮ್ಮ ಸಂಬಂಧ ತಿಂಗಳಾನಗಟ್ಟಲೆ ಕೂತು ಮಾಡೇನಿ. ನೀವು ನೋಡಲಾರದ ಸುಮ್ಮ ಒತ್ತಿ ಕೈ ತೊಳಕೊಂಡ್ರ ನಾ ಏನ್ ಮಾಡ್ಲಿ?"

ಕೌಸರ ತಲೆ ತಗ್ಗಿಸಿ ರೊಟ್ಟಿ ತಿಂದಳು. ಒಮ್ಮೆ ಹಯಾತನ ಕಡೆ ನೋಡಿದ್ದಷ್ಟೇ. ಬೈದು ಮುಗಿದ ಮೇಲೆ ಸಂಪದಾಳಿಗೆ ತನ್ನ ಮೇಲೇ ಬೇಜಾರಾಯಿತು. ಊಟಕ್ಕೆ ಕುಳಿತವರ ಮುಂದೆ ನಿಂತು ಕೂಗಿದ್ದು ಚಂದ ಇರಲಿಲ್ಲ. ಏನು ಮಾಡುವುದೆಂದು ತೋಚದೆ ಹಣ್ಣು ಇಳಿಸುತ್ತಿದ್ದ ಅಂಗಳದ ಕಡೆ ಸರಿದಳು. ಕ್ರೇಟುಗಳಲ್ಲಿ ಅದೇ ಬೆಳಗ್ಗೆ ಹರಿದು ತಂದ ಕಾಯಿ ಇದ್ದವು. ಒಂದನ್ನು ಎತ್ತಿ, ವಾಸನೆ ನೋಡೋಣವೆಂದು ಮೂಗಿನ ಹತ್ತಿರ ಹಿಡಿದು, ಸುಮ್ಮನೆ ತೊಟ್ಟು ಮುರಿದಳು.

ಸೊನೆ ಚಿಳ್ಳೆಂದು ಸಿಡಿದು ಬಲಗಣ್ಣಿಗೆ ಬಿತ್ತು.

ಮಾವಿನ ಸೊನೆ ಕೈಗೆ ಹತ್ತಿದರೇ ಬೊಬ್ಬೆ ಏಳುತ್ತದೆ. ಕಣ್ಣಿಗೆ ಬಿದ್ದರೆ ಕೇಳಬೇಕೆ? ಕೆಂಡ ಇಟ್ಟ ಹಾಗಾಯಿತು. ಅವಳು ಒಂದು ಕೈಯಿಂದ ಕಣ್ಣು ಮುಚ್ಚಿಕೊಂಡು, ಇನ್ನೊಂದು ಕಣ್ಣಿನಿಂದ ಸುತ್ತ ನೋಡಿದಳು. ಹಸಿರು ಬೋರ್ಡು ಕಂಡಿತು. ಅವಳು ಎಷ್ಟೋ ಸಲ ಚಿತ್ರದಲ್ಲಿ ಹಿಗ್ಗಿಸಿ, ಕುಗ್ಗಿಸಿ, ಬಣ್ಣ ತಿದ್ದಿದ ಅದೇ ಬೋರ್ಡು, ಅದೇ ಬಾಗಿಲು. ಓಡಿದಳು. ಬಾಗಿಲು ದೂಡಿದಳು. ಚಿಲಕದಲ್ಲಿ ಮುಷ್ಟಿಗಾತ್ರದ ಬೀಗ.

"ಹಯಾತ ಅವರ! ಎಲ್ಲಿದ್ದೀರಿ? ಹಯಾತ ಅವರ!" ಎಂದು ಸಂಪದಾ ಕಿರುಚಿದಳು.

ಹಯಾತ ಓಡಿ ಬಂದ. ಕಿಸೆ ತಡಕಿದ. "ಕೀಲಿ ಸಾಹೇಬ್ರ ಹಂತ್ಯಾಕ ಐತ್ರಿ. ತಡೀರಿ, ಈಗ ತಂದ್ನಿ" ಎಂದು ಆಫೀಸಿನ ಕಡೆ ಓಡಿದ. ಅಷ್ಟರಲ್ಲಿ ಯಾರೋ ಅವಳ ತೋಳು ಹಿಡಿದು ನೆಲಕ್ಕೆ ಕೂಡ್ರಿಸಿದರು. ಕೌಸರ. ತನ್ನ ಕುಡಿಯುವ ನೀರಿನ ಬಾಟಲಿ ಬಿಚ್ಚಿ, "ಕಣ್ಣ ತಗೀರಿ ಅಕ್ಕಾರ, ಉಜ್ಜಬ್ಯಾಡ್ರಿ" ಎನ್ನುತ್ತ ಸಣ್ಣಗೆ ಸುರಿದಳು. ಅದು ಖಾಲಿಯಾದ ಮೇಲೆ ಮತ್ತೊಬ್ಬಳ ಬಾಟಲಿ ಬಂತು, ಮತ್ತೊಂದು ಬಂತು. ಹಯಾತ ಕೀಲಿ ಹಿಡಿದು ಬರುವ ಹೊತ್ತಿಗೆ ಉರಿ ಇಳಿದಿತ್ತು, ಸೀರೆ ತೋಯ್ದಿತ್ತು.

ಸಂಪದಾ ಒದ್ದೆ ನೆಲದ ಮೇಲೆ ಕುಳಿತೇ ಇದ್ದಳು. ತಾನು ಈಗಷ್ಟೇ ಏನು ಮಾಡಿದೆ ಎಂಬುದು ಮೆಲ್ಲಗೆ ತಲೆಗಿಳಿಯಿತು. ಬಾಗಿಲಿಗೆ ಬೀಗ ಕಂಡೊಡನೆ ಅವಳು ಮಾಡಿದ್ದು ಸೂಪರ್‌ವೈಸರನ್ನು ಹುಡುಕುವ ಕೆಲಸ.

"ಯಾವಾಗ್ಲೂ ಹಿಂಗ ಕೀಲಿ ಹಾಕಿರ್ತದೇನು?" ಎಂದು ಕೇಳಿದಳು.

ಕೌಸರ ಬಾಟಲಿಯ ಮುಚ್ಚಳ ತಿರುಗಿಸುತ್ತ ಹಯಾತನ ಕಡೆ ನೋಡಿದಳು. ಉತ್ತರ ಕೊಟ್ಟದ್ದು ಹಯಾತನೇ, ನೆಲ ನೋಡುತ್ತ. "ಹೋದ ವರ್ಷ ಆಡಿಟ್‌ಗೆ ಕಟ್ಟಿಸಿದ್ದ್ರಿ ಇದನ್ನ. ಅವ್ರು ಹೋದ ಮ್ಯಾಲ ಹಾಕಿದ್ದು."

ಸಂಪದಾ ತೋಯ್ದ ಸೀರೆಯಲ್ಲೇ ತಂಪು ಕೋಣೆಗೆ ಹೋದಳು. ಶರಣು ಗಾಬರಿಯಾಗಿ ಎದ್ದು, ಟವೆಲ್ಲು ತರಿಸಿದ, ಡಾಕ್ಟರರ ಹತ್ತಿರ ಕಾರು ಕಳಿಸಲೇ ಎಂದು ಕೇಳಿದ. ಕಾಳಜಿಯಲ್ಲಿ ಖೊಟ್ಟಿತನ ಇರಲಿಲ್ಲ. ಬೀಗದ ಮಾತು ತೆಗೆದಾಗ ಮಾತ್ರ ಮುಖ ಸಣ್ಣದು ಮಾಡಿದ.

"ಅದು ಸ್ಟೀಲಿಂದು ಐತ್ರಿ ಮೇಡಮ್, ಫಳಫಳ ಹೊಳೀತೈತಿ. ತೆರದಿಟ್ರ ಬುತ್ತಿ ಡಬ್ಬಿ ತೊಳೀತಾರ, ಬಾಯಿ ಮುಕ್ಕಳಿಸ್ತಾರ, ಎಲಿ-ಅಡಿಕಿ ಉಗುಳ್ತಾರ. ಆಡಿಟ್ ಮಂದಿ ಬಂದಾಗ ಹೆಂಗ ತೋರಸೂದು?"

"ಆಡಿಟ್ ಮಂದಿ ಕಣ್ಣಾಗ ಕಾಸ್ಟಿಕ್ ಬೀಳೂದಿಲ್ರೀ!"

"ಖರೆ ಐತ್ರಿ. ನಾ ಇಲ್ಲ ಅನ್ನಂಗಿಲ್ಲ." ಶರಣು ಪೇಪರ್‌ವೇಟು ತಿರುಗಿಸಿದ. ಆಮೇಲೆ ದೊಡ್ಡ ಉಪಾಯ ಹೊಳೆದವನ ಹಾಗೆ ಮುಂದೆ ಬಾಗಿದ. "ಒಂದ್ ಕೆಲಸ ಮಾಡ್ರಲ್ಲ. ಹೆಂಗೂ ಎಲ್ಲಾರೂ ಎರಡನೇದ್ದ ಒತ್ತಾಕತ್ತಾರ. ನೀವು ಎರಡನೇದ್ದನ್ನ ಬರೋಬ್ಬರಿ ಉತ್ತರ ಅಂತ ಮಾಡಿಬಿಡ್ರಿ. ಎಲ್ಲಾರೂ ಪಾಸ್. ನಿಮಗೂ ತ್ರಾಸಿಲ್ಲ, ನಮಗೂ ತ್ರಾಸಿಲ್ಲ."

ಸಂಪದಾ ಅವನ ಮುಖವನ್ನೇ ನೋಡಿದಳು. ಅವನು ಚೇಷ್ಟೆ ಮಾಡುತ್ತಿರಲಿಲ್ಲ.

ಹಾನಗಲ್ಲಿನ ಬಸ್ ನಿಲ್ದಾಣದಲ್ಲಿ ನಿಂತು ಪ್ರಾಣೇಶನಿಗೆ ಫೋನು ಮಾಡಿದಳು. ಅವನಿಗೆ ಆಗಲೇ ಶರಣುವಿನ ಫೋನು ಹೋಗಿತ್ತು.

"ಕಣ್ಣ ಹೆಂಗದರಿ ಈಗ? ಆರಾಮ? ಹಾಂ, ಮತ್ತ ಅವರು ಹೇಳಿದ್ದು ಒಂದು ಕ್ಲಿಕ್ಕಿನ ಕೆಲಸ ಅದ ನೋಡ್ರಿ. ಆಪ್ಶನ್ ಬದಲಿ ಮಾಡಿ ಕೊಟ್ಟುಬಿಡ್ರಿ."

"ಅದು ತಪ್ಪು ಉತ್ತರ ಅದರೀ ಪ್ರಾಣೇಶ ಅವರ. ನಾ ರಸಾಯನಶಾಸ್ತ್ರ ಕಲಿಸಿದಾಕಿ. ಬಾಯಿ ಬಿಟ್ಟು ಹೆಂಗ ಹೇಳ್ಲಿ, ಕಣ್ಣು ಸುಡ್ತಿರ್ಬೇಕಾದ್ರ ಸಾಹೇಬರ್ನ ಹುಡುಕ್ರಿ ಅಂತ?"

"ನಾವು ಕೋರ್ಸ್ ಮಾಡವರು. ಬೀಗ ತೆಗಿಯವರಲ್ಲ. ನಮ್ಮ ಕೆಲಸ ನಾವು ಮಾಡೂಣು."

ಬಸ್ಸು ಬಂತು. ಈ ಸಲ ಸೀಟು ಸಿಕ್ಕಿತು. ಅದರಿಂದ ಸಿಟ್ಟೇನೂ ಕಡಿಮೆಯಾಗಲಿಲ್ಲ. ಕೌಸರಳ ಮೇಲೆ ಕೂಗಾಡಿದ್ದು ನೆನಪಾಗಿ ಅವಳಿಗೆ ನಾಚಿಕೆಯಾಯಿತು. ಆ ಹೆಣ್ಣುಮಗಳು ಪ್ರಶ್ನೆ ಕೇಳಿದ ಹಾಗೇ ಉತ್ತರ ಕೊಟ್ಟಿದ್ದಳು. ಏನು ಮಾಡುತ್ತೀರಿ ಎಂದು ಕೇಳಿದರೆ, ಮಾಡುವುದನ್ನು ಹೇಳಿದ್ದಳು. ಅಷ್ಟು ಸಾದಾ ಮಾತು ತಿಳಿಯಲು ತನ್ನ ಕಣ್ಣಿಗೆ ಸೊನೆ ಬೀಳಬೇಕಾಯಿತೇ ಎಂದು ತನ್ನನ್ನೇ ಬೈದುಕೊಂಡಳು. ಬಂಗಾರದ ಹಣ್ಣು ಉದುರಿಸುವುದಕ್ಕೆ ಎಷ್ಟು ದಿನ ಹಾಳು ಮಾಡಿದ್ದಳು!

ಮನೆಯಲ್ಲಿ ಗೋಪಿಕಾಬಾಯಿ ಕೆಂಪಾದ ಕಣ್ಣು ನೋಡಿ ಬೆಣ್ಣೆ ಹಚ್ಚಲು ಬಂದರು. ಎಲ್ಲ ಕೇಳಿದ ಮೇಲೆ, "ಬೀಗ ಹಾಕೋ ನಳಾ ಯಾಕರೆ ಹಾಕಸ್ತಾರ?" ಎಂದಷ್ಟೇ ಅಂದು, ಒಲೆಯ ಮೇಲಿನ ಹಾಲು ನೋಡಲು ಹೋದರು.

ಮರುದಿನ ಬೆಳಗ್ಗೆ ಸಂಪದಾ ಮೇಜಿಗೆ ಕುಳಿತಳು. ಒಂದು ಕ್ಲಿಕ್ಕಿನ ಕೆಲಸ ಎದುರಿಗೇ ಇತ್ತು. ಅದನ್ನು ಮುಟ್ಟಲಿಲ್ಲ. ಬಂಗಾರದ ಹಣ್ಣಿನ ಆಟವನ್ನು ಕಿತ್ತೆಸೆದಳು. ಏಳನೆಯ ಪ್ರಶ್ನೆಯನ್ನೂ ತೆಗೆದಳು. ಅದರ ಜಾಗದಲ್ಲಿ ಒಂದು ಕೆಲಸ ಇಟ್ಟಳು: ಹಸಿರು ಬೋರ್ಡಿನ ಕೋಣೆಗೆ ಹೋಗಿ, ಕಣ್ಣು ತೊಳೆಯುವ ನಳ ತಿರುಗಿಸಿ, ನೀರಿಗೆ ಮುಖ ಒಡ್ಡಿ, ಗೆಳತಿಯ ಕೈಯಲ್ಲಿ ಸಣ್ಣ ವಿಡಿಯೋ ಮಾಡಿಸಿ ಕಳಿಸಬೇಕು. ಕಳಿಸದೆ ಕೋರ್ಸು ಮುಗಿಯುವುದಿಲ್ಲ. ಬಂದ ವಿಡಿಯೋಗಳನ್ನು ನೋಡಿ ಪಾಸು ಮಾಡುವವಳು ಸಂಪದಾ.

ಪ್ರಾಣೇಶ ಅದನ್ನು ನೋಡಿ ಕುರ್ಚಿಯಿಂದ ಎದ್ದೇಬಿಟ್ಟ. "ಲೈವ್ ಟಾಸ್ಕ್! ಇದ ನೋಡ್ರಿ ಬೇಕಾಗಿದ್ದು! ನಾ ಅವತ್ತಿಂದ ಏನು ಹೇಳ್ಲಿಕ್ಕತ್ತೀನಿ? ಇಂಟರ್‌ಆ್ಯಕ್ಟಿವ್!" ನಳದ ಮಾತು ಅವನ ತಲೆಯೊಳಗೆ ಹೋಗಲೇ ಇಲ್ಲ. ಸಂಪದಾ ನೆನಪು ಮಾಡಿಕೊಡಲೂ ಇಲ್ಲ. ಅವನು ತಾನೇ ಕೊಳ್ಳುವ ಕಂಪನಿಯವರಿಗೆ ಪತ್ರ ಬರೆದು ಹೊಸ ವ್ಯವಸ್ಥೆಯನ್ನು ಹೊಗಳಿದ. ಅವರಿಗೂ ಮೆಚ್ಚುಗೆಯಾಯಿತು. ಶರಣುವಿಗೆ ಅವರಿಂದ ಅಭಿನಂದನೆ ಬಂತು.

ಆಮೇಲೆ ಕಾರ್ಖಾನೆಯ ಅಷ್ಟೂ ಜನ ನಾಪಾಸಾದರು.

ಶರಣುವಿನ ಫೋನು ಬಂದಾಗ ಅವನ ದನಿಯಲ್ಲಿ ನಗುಮುಖ ಇರಲಿಲ್ಲ. "ಏನ್ ಹಚ್ಚೀರಿ ಮೇಡಮ್ ಇದು? ಎಲ್ಲಾ ಸೊನ್ನಿ ತೋರಸಾಕತ್ತೈತಿ! ಅವ್ರಿಗೂ ಕಾಣ್ತೈತ್ರಿ ಅದು!"

"ಬಾಗಲಾ ತೆಗೀರಿ ಸಾಹೇಬರ. ಅಂಕಿ ತಾನ ಏರ್ತದ."

ಅವನು ಫೋನು ಇಟ್ಟ. ಬಾಗಿಲು ತೆರೆಯಲಿಲ್ಲ, ಬದಲಿ ದಾರಿ ಹುಡುಕಿದ. ಸಂಜೆಯಿಂದ ವಿಡಿಯೋ ಬರತೊಡಗಿದವು. ಮೊದಲನೆಯದರಲ್ಲಿ ಒಬ್ಬಳು ಆಫೀಸಿನ ಕೈತೊಳೆಯುವ ಬೇಸಿನ್ನಿನ ಮುಂದೆ ಬಾಗಿದ್ದಳು; ಹಿಂದಿನ ಗೋಡೆಯ ಮೇಲೆ ಶರಣುವಿನ ಕೋಟು ತೂಗುಬಿದ್ದಿತ್ತು. ಸಂಪದಾ ವಾಪಸು ಕಳಿಸಿದಳು. ದುಂಡಸಿಯ ಮಾಲಾ ಎಂಬವಳು ತನ್ನ ಓಣಿಯ ಬೋರಿನ ನಲ್ಲಿಗೆ ಮುಖ ಕೊಟ್ಟಿದ್ದಳು. ಪಕ್ಕದಲ್ಲಿ ಎಮ್ಮೆಯೂ ನೀರು ಕುಡಿಯುತ್ತಿತ್ತು. ವಾಪಸು. ಮತ್ತೊಬ್ಬಳು ಮೋರೆಗೆ ತಂಬಿಗೆಯಿಂದ ನೀರು ಹೊಯ್ದುಕೊಂಡಿದ್ದಳು. ವಾಪಸು. ಒಂದೇ ವಿಡಿಯೋ ಬೇರೆಬೇರೆ ಹೆಸರಿನಲ್ಲಿ ಬಂತು. ಎಲ್ಲ ವಾಪಸು. ಸಂಪದಾಳ ಕುತ್ತಿಗೆ ಹಿಡಿದುಕೊಂಡಿತು. ಇಷ್ಟು ಬುದ್ಧಿ ಖರ್ಚು ಮಾಡುವ ಬದಲು ಒಂದು ಕೀಲಿ ತಿರುವಬಾರದೇ ಎಂದು ಪರದೆಯ ಮುಂದೆಯೇ ಬಡಬಡಿಸಿದಳು.

ಆಡಿಟ್ ಹತ್ತಿರ ಬಂದ ಮೇಲೆ ಶರಣು ಸೋತ. ಕೀಲಿ ಕೊಟ್ಟ. ಹಯಾತ ಬಾಗಿಲು ತೆಗೆದ. ಕೌಸರ ಮೊದಲು ಹೋಗಿ ನಳ ತಿರುಗಿಸಿದಳು. ಅವಳು ಕಳಿಸಿದ ವಿಡಿಯೋದಲ್ಲಿ ಸಂಪದಾ ಕಂಡದ್ದು ಹೊಳೆಯುವ ಸ್ಟೀಲು, ಬಗ್ಗಿದ ಕೌಸರಳ ಮುಖ, ಆಮೇಲೆ ಬುಸ್ಸೆಂಬ ಗಾಳಿ. ಒಂದು ಹನಿ ನೀರಿರಲಿಲ್ಲ. ಕೌಸರ ತಲೆ ಎತ್ತಿ ಕ್ಯಾಮೆರಾ ನೋಡುತ್ತ, "ಈಗೇನ್ ಮಾಡ್ಲಿ ಅಕ್ಕಾರ?" ಎಂದಳು. ಹಿಂದಿನಿಂದ ಯಾರೋ ಪಕಪಕ ನಕ್ಕರು.

ಹೋದ ವರ್ಷ ನಳ ಕೂಡ್ರಿಸಿದವರು ಪೈಪನ್ನು ನೀರಿನ ಟಾಕಿಗೆ ಜೋಡಿಸಿಯೇ ಇರಲಿಲ್ಲ.

ಆ ಮಧ್ಯಾಹ್ನ ಸಂಪದಾ ಶರಣುವಿಗೆ ಫೋನು ಮಾಡಿದಾಗ ಅವನು ಜಗಳಕ್ಕೆ ಬರಲಿಲ್ಲ. ಅವನಿಗೂ ಪೈಪಿನ ಸಂಗತಿ ಗೊತ್ತಿರಲಿಲ್ಲ. "ನಾನೂ ಆಡಿಟ್ ಮಂದಿಗೆ ಅದನ್ನ ತೋರಿಸಿ ಫೋಟೋ ಹೊಡಸ್ಕೊಂಡೇನ್ರಿ" ಎಂದ, ದನಿ ಕುಗ್ಗಿತ್ತು. "ನೀರ ಬರ್ತೈತಿ ಅಂತನ ತಿಳಕೊಂಡಿದ್ದೆ." ಹಾನಗಲ್ಲಿನಿಂದ ಪ್ಲಂಬರ ಬಂದ. ಗೋಡೆ ಒಡೆದು ಪೈಪು ಎಳೆದ. ಫಳಫಳಿಸುವ ಕೋಣೆಯ ಅರ್ಧ ಗೋಡೆ ಸಿಮೆಂಟಿನ ತೇಪೆಯಾಯಿತು. ಶರಣು ಅದನ್ನು ನೋಡಿ ಸಂಕಟಪಟ್ಟನೆಂದು ಹಯಾತ ಆಮೇಲೆ ಹೇಳಿದ.

ಆಡಿಟ್‌ಗೆ ಮುಂಚಿನ ಎರಡು ದಿನ ಸಂಪದಾಳ ಲ್ಯಾಪ್‌ಟಾಪಿನಲ್ಲಿ ನೀರೇ ನೀರು. ಒಬ್ಬಳು ಹಣೆಯ ಕುಂಕುಮ ಕೆಡದ ಹಾಗೆ ಹುಷಾರಾಗಿ ಬಗ್ಗಿದಳು. ಒಬ್ಬಳು ಕಚಗುಳಿಯಿಟ್ಟ ಹಾಗೆ ನಕ್ಕು ಎಲ್ಲರ ಮೈಮೇಲೆ ನೀರು ಚಿಮ್ಮಿಸಿದಳು. ಒಬ್ಬಳು ಮುಖ ತೊಳೆದು ಅದೇ ನೀರಿನಲ್ಲಿ ಬುತ್ತಿ ಡಬ್ಬಿಯನ್ನೂ ತೊಳೆದಳು. ಶರಣು ಹೆದರಿದ್ದು ಸುಳ್ಳಲ್ಲ. ಸಂಪದಾ ಎಲ್ಲರನ್ನೂ ಪಾಸು ಮಾಡಿದಳು. ಡಬ್ಬಿಯವಳನ್ನೂ.

ಆಡಿಟ್ ಸುಸೂತ್ರ ಮುಗಿಯಿತು. ಪ್ರಾಣೇಶ ಕೆಲಸ ಮುಗಿಯಿತೆಂದು ಕಡತ ಮುಚ್ಚಿದ.

ವಾರ ಕಳೆದಿರಲಿಲ್ಲ, ಕೌಸರಳ ದನಿ ಸಂದೇಶ ಬಂತು. "ಅಕ್ಕಾರ, ಮತ್ತ ಕೀಲಿ ಹಾಕ್ಯಾರ್ರಿ." ಅಷ್ಟೇ ಮಾತು. ಹಿಂದೆ ಯಂತ್ರದ ಸದ್ದು.

ಸಂಪದಾ ತಲೆಯ ಮೇಲೆ ಕೈ ಹೊತ್ತು ಕುಳಿತಳು. ಇನ್ನೊಮ್ಮೆ ಹಾನಗಲ್ಲಿಗೆ ಹೋಗಿ ಅದೇ ರಸ ಕುಡಿದು, ಅದೇ ಮಾತು ಆಡಲು ಅವಳಿಗೆ ತ್ರಾಣವಿರಲಿಲ್ಲ. ಪ್ರಾಣೇಶನಿಗೆ ಹೇಳುವುದೂ ಗೋಡೆಗೆ ಹೇಳುವುದೂ ಒಂದೇ. ಕೋರ್ಸು ಮಾತ್ರ ಇನ್ನೂ ಅವಳ ಕೈಯಲ್ಲಿತ್ತು. ಮುಗಿದ ತರಬೇತಿ ಮರೆತುಹೋಗದಿರಲೆಂದು ಮತ್ತೆ ಮತ್ತೆ ನೆನಪು ಮಾಡಿಸುವ ಅನುಕೂಲ ಅದರಲ್ಲಿತ್ತು. ಅವಳು ನಳದ ಕೆಲಸವನ್ನು ಪ್ರತಿ ಸೋಮವಾರ ಹೊಸದಾಗಿ ಬರುವ ಹಾಗೆ ಮಾಡಿದಳು. ಸೋಮವಾರ ಬಂತೆಂದರೆ ಎಲ್ಲರ ಅಂಕ ಸೊನ್ನೆಗೆ ಇಳಿಯುವುದು. ನಳದ ನೀರು ಮುಖಕ್ಕೆ ಬಿದ್ದ ಮೇಲಷ್ಟೇ ಏರುವುದು. ಕೊಳ್ಳುವ ಕಂಪನಿಯವರಿಗೆ ಸೊನ್ನೆಯೂ ಕಾಣುವುದು.

ಮೊದಲ ಸೋಮವಾರ ಹಯಾತ ಆಫೀಸಿಗೆ ಹೋಗಿ ಕೀಲಿ ಬೇಡಿ ತಂದ, ಎಲ್ಲರ ವಿಡಿಯೋ ಮುಗಿಯುವ ತನಕ ಬಾಗಿಲಲ್ಲಿ ಕಾವಲು ನಿಂತ, ಬೀಗ ಹಾಕಿ ಕೀಲಿ ಒಪ್ಪಿಸಿದ. ಎರಡನೆಯ ಸೋಮವಾರ ಶರಣು ಹಾವೇರಿಗೆ ಹೋಗಿದ್ದ, ಕೀಲಿ ಅವನ ಕಿಸೆಯಲ್ಲಿತ್ತು. ದಿನವಿಡೀ ಸೊನ್ನೆ, ಹೊರದೇಶದಿಂದ ವಿಚಾರಣೆ, ಬೈಗುಳ ತಿಂದವನು ಹಯಾತ. ಮೂರನೆಯ ಸೋಮವಾರ ಅವನೇ ಸಂಪದಾಳಿಗೆ ಫೋನು ಮಾಡಿದ.

"ಮೇಡಮ್ಮಾರ, ಕೀಲಿ ತರೂದು, ಕೀಲಿ ಕೊಡೂದು, ಇದ ಒಂದ ಕೆಲಸ ಆಗೇತ್ರಿ ನಂದು. ಸೀಜನ್ ಇಷ್ಟು ಜೋರ್ ಐತಿ. ಸಾಕಾಗಿ ಬೀಗಾನ ತಗದು ಗುಜರಿ ಡಬ್ಬಿಗೆ ಒಗದ್ನಿ. ಸಾಹೇಬ್ರು ಬಂದು ನೋಡಿದ್ರು."

"ಏನಂದ್ರು?"

"ಏನ್ ಅಂತಾರ್ರಿ? ಅವ್ರಿಗೂ ಸಾಕಾಗೇತಿ. ಡಬ್ಬಿ ತೊಳೀಬ್ಯಾಡ್ರಿ ಅಂತ ಒಂದ್ ಬೋರ್ಡ್ ಬರಸ್ರಿ ಅಂದು ಹೋದ್ರು."

ಧರ್ಮಬುದ್ಧಿಯಿಂದಲ್ಲ, ಬೇಸರದಿಂದ ತೆರೆದ ಬಾಗಿಲು. ಸಂಪದಾಳಿಗೆ ಅದು ಸಾಕಿತ್ತು. ತೆರೆದಿದ್ದರೆ ಆಯಿತು.

ಜೂನ್ ಮೊದಲ ಮಳೆಯ ಹೊತ್ತಿಗೆ, ಸೀಸನ್ನು ಮುಗಿಯುತ್ತ ಬಂದಾಗ, ಪಾತ್ರೆ ತೊಳೆಯುವಾಗ ಮಾಲಾಳ ಮುಖಕ್ಕೆ ಕಾಸ್ಟಿಕ್ ಸಿಡಿಯಿತು. ಕನ್ನಡಕವನ್ನು ಅವಳು ಸೆಕೆಯೆಂದು ಹಣೆಗೆ ಏರಿಸಿಕೊಂಡಿದ್ದಳು. ಕೌಸರ ಅವಳನ್ನು ಎಳೆದುಕೊಂಡು ಹೋಗಿ ನಳದ ಕೆಳಗೆ ಹಿಡಿದಳು. ಸಾಕು ಸಾಕೆಂದು ಅತ್ತರೂ ಬಿಡಲಿಲ್ಲ. ಆಮೇಲೆ ಹುಬ್ಬಳ್ಳಿಯ ಕಣ್ಣಿನ ಡಾಕ್ಟರು, ಕೂಡಲೇ ತೊಳೆದದ್ದು ಒಳ್ಳೆಯದಾಯಿತು, ಕೆಂಪು ಇಳಿಯುತ್ತದೆ, ನೋಟಕ್ಕೆ ಧಕ್ಕೆಯಿಲ್ಲ ಎಂದರಂತೆ. ಇದನ್ನೆಲ್ಲ ಫೋನಿನಲ್ಲಿ ಹೇಳಿದ ಕೌಸರ, ಕೊನೆಗೆ ದನಿ ಏರಿಸಿದಳು.

"ಅಕ್ಕಾರ, ಎಲ್ಲಾ ಚಲೋ ಐತಿ. ಆದ್ರ ಆ ಸೋಮಾರದ ವಿಡಿಯೋ ಒಂದ್ ಬಂದ್ ಮಾಡ್ರಿ. ವಾರಾ ವಾರಾ ಮಾರಿ ತೊಯ್ಸಿ ತೊಯ್ಸಿ ನಮಗ ನೆಗಡಿ ಆಗೇತಿ! ನಿಮಗ ಬ್ಯಾರೆ ಕೆಲಸಿಲ್ಲೇನ್ರಿ?"

ಸಂಪದಾ ತಿಂಗಳಿಗೊಮ್ಮೆ ಎಂದು ಮಾಡಿದಳು. ಅವತ್ತು ಕೂಗಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ ಎಂದು ಕೇಳಿಕೊಂಡಳು. "ಅದನ್ನ ಅವತ್ತ ಮರತ್ವಿ ಬಿಡ್ರಿ" ಎಂದಳು ಕೌಸರ. ಮರೆತಿರಲಿಲ್ಲವೆಂದು ದನಿಯಲ್ಲೇ ತಿಳಿಯುತ್ತಿತ್ತು, ಆದರೆ ಸಿಟ್ಟಿರಲಿಲ್ಲ.

ಮುಂದಿನ ವಾರ ಪ್ರಾಣೇಶ ಹುರುಪಿನಿಂದ ಕರೆ ಮಾಡಿದ. ಹಿರೇಕೆರೂರಿನ ಹತ್ತಿರ ಬೀಜ ಸಂಸ್ಕರಣೆಯ ಘಟಕವೊಂದಕ್ಕೆ ಇಂಥದೇ ಕೋರ್ಸು ಬೇಕಂತೆ. "ಹೊಸದೇನೂ ಮಾಡೂದು ಬ್ಯಾಡ. ಇದನ್ನ ಕಾಪಿ ಹೊಡೀರಿ, ಮಾವಿನಹಣ್ಣು ತಗದು ಬೀಜ ಹಾಕ್ರಿ. ನಾಳೆ ಸಂಜಿಗೆ ಕೊಡ್ತೀರೇನು?"

"ನಾಳೆ ಆಗೂದಿಲ್ರಿ. ನಾಳೆ ನಾ ಹಿರೇಕೆರೂರಿಗೆ ಹೋಗ್ಲಿಕ್ಕತ್ತೇನಿ."

"ಅಲ್ಲಿ ಯಾಕ್ರಿ?"

"ಬಾಗಲಾ ದೂಡಿ ನೋಡ್ಲಿಕ್ಕೆ."

ಪ್ರಾಣೇಶನಿಗೆ ಅರ್ಥವಾಗಲಿಲ್ಲ. ಎರಡು ಸಲ ಕೇಳಿದ. ಸಂಪದಾ ಹೇಳಲು ಹೋಗಲಿಲ್ಲ. ಹಿರೇಕೆರೂರಿನ ಬಸ್ಸು ಎಷ್ಟಕ್ಕಿದೆಯೆಂದು ಗಂಡನಿಗೆ ಕೇಳಬೇಕಿತ್ತು. ಅವನು ಫೋನು ಎತ್ತುತ್ತಿರಲಿಲ್ಲ. ಬ್ಯಾಂಕಿನಲ್ಲಿ ಅವತ್ತು ಏನೋ ಆನ್‌ಲೈನ್ ತರಬೇತಿ ಇದೆಯೆಂದು ಬೆಳಗ್ಗೆಯೇ ಹೇಳಿದ್ದ.